ಇತರೆ ಅನ್ನುವ ಡ್ರಾಯರ್ ಇಲ್ಲ

ಜನವರಿ 9

ದೊಡ್ಡಮ್ಮನವರಿಗೆ ನಮಸ್ಕಾರಗಳು.

ಎರಡು ವರ್ಷದ ಮೇಲೆ ಬರೆಯುತ್ತಿದ್ದೇನೆ. ಲಕೋಟೆಯ ಮೇಲಿನ ಅಕ್ಷರ ನೋಡಿಯೇ ಯಾರದೆಂದು ನಿಮಗೆ ಗೊತ್ತಾಗಿರುತ್ತದೆ. ಆದರೂ ಒಡೆದು ಓದುತ್ತಿದ್ದೀರಿ ಅಂದರೆ ಅಷ್ಟರಮಟ್ಟಿಗೆ ನಾನು ಗೆದ್ದೆ. ಫೋನ್ ಮಾಡೋಣವೆಂದು ನಾಲ್ಕು ಸಲ ಕೈಗೆತ್ತಿಕೊಂಡು ಕೆಳಗಿಟ್ಟೆ. ಫೋನಿನಲ್ಲಿ ನಾವಿಬ್ಬರೂ ಎರಡನೇ ಮಾತಿಗೇ ಜಗಳಕ್ಕಿಳಿಯುತ್ತೇವೆ. ಕಾಗದವಾದರೆ ಉತ್ತರಕ್ಕೆ ಅಂಚೆ ಕಾಯಬೇಕು, ಅಷ್ಟರಲ್ಲಿ ಸಿಟ್ಟು ಅರ್ಧ ಇಳಿದಿರುತ್ತದೆ.

ನೇರ ವಿಷಯಕ್ಕೆ ಬರುತ್ತೇನೆ. ನನಗೆ ನಿಮ್ಮ ಸಹಾಯ ಬೇಕು.

ಹೋದ ಜೂನಿನಲ್ಲಿ ಹೊಸ ಕಂಪನಿ ಸೇರಿದೆ. ಅಮ್ಮ ಹೇಳಿರಬಹುದು. ಇವರು ಮನೆಬಳಕೆಯ ಯಂತ್ರಗಳ ಬಿಡಿಭಾಗಗಳನ್ನು ಇಂಟರ್ನೆಟ್ಟಿನಲ್ಲಿ ಮಾರುತ್ತಾರೆ. ನಲ್ಲಿಯದು, ಕುಕ್ಕರಿನದು, ಮಿಕ್ಸಿಯದು, ಫ್ಯಾನಿನದು, ಬಾಗಿಲಿನದು, ಹೀಗೆ ಹನ್ನೊಂದು ಸಾವಿರ ಸಾಮಾನು. ನೀವು ಕೌಂಟರಿನಲ್ಲಿ ನಿಂತು ಮಾರುವುದನ್ನೇ ಇವರು ಯಾರ ಮುಖವನ್ನೂ ನೋಡದೆ ಮಾರುತ್ತಾರೆ. ಆ ವೆಬ್‌ಸೈಟಿನ ಮೆನು ಮಾಡುವುದು ನನ್ನ ಕೆಲಸ. ಹೋಟೆಲಿನ ಮೆನು ಅಲ್ಲ. ಪುಟದ ತಲೆಯ ಮೇಲೆ ಒಂದು ಸಾಲು ಹೆಸರುಗಳಿರುತ್ತವೆ. ಒಂದನ್ನು ಒತ್ತಿದರೆ ಅದರ ಕೆಳಗೆ ಇನ್ನಷ್ಟು ಹೆಸರು ಬಿಚ್ಚಿಕೊಳ್ಳುತ್ತವೆ, ಅದರಲ್ಲಿ ಒಂದನ್ನು ಒತ್ತಿದರೆ ಸಾಮಾನು ಕಾಣುತ್ತದೆ. ಅಂಗಡಿಗೆ ಬಂದವರು ಯಾರನ್ನೂ ಕೇಳದೆ ಬೇಕಾದ ಕಪಾಟಿನ ಮುಂದೆ ಹೋಗಿ ನಿಲ್ಲುವಂತೆ ದಾರಿ ತೋರಿಸುವ ಬೋರ್ಡು ಎಂದುಕೊಳ್ಳಿ.

ಕೆಲಸಕ್ಕೆ ಸೇರುವಾಗ ಜಂಬದಿಂದ, "ಇಂಥಾ ಅಂಗಡಿ ಕೌಂಟರ್ ಮೇಲೇ ಕೂತು ಬೆಳೆದವಳು ನಾನು, ಇದು ನನಗೆ ನೀರು ಕುಡಿದಷ್ಟು ಸುಲಭ" ಅಂದಿದ್ದೆ. ಮುಖ್ಯಸ್ಥೆ ಆ ಮಾತಿಗೇ ಕೆಲಸ ಕೊಟ್ಟರು. ಕಳೆದ ವಾರ ನನ್ನ ಮೆನುವಿನ ಪರೀಕ್ಷೆ ನಡೆಯಿತು. ಹತ್ತು ಜನರನ್ನು ಒಬ್ಬೊಬ್ಬರಾಗಿ ಕರೆದು ಕೂರಿಸಿ, "ನಿಮ್ಮ ಮನೆಯ ನಲ್ಲಿ ತೊಟ್ಟಿಕ್ಕುತ್ತಿದೆ, ಅದಕ್ಕೆ ಬೇಕಾದದ್ದನ್ನು ಹುಡುಕಿ" ಎಂಬಂಥ ಐದು ಕೆಲಸ ಕೊಟ್ಟೆವು. ಐದನ್ನೂ ಹುಡುಕಿದವರು ನಾಲ್ಕೇ ಜನ. ಏಪ್ರಿಲ್ ಮುಗಿಯುವುದರೊಳಗೆ ಹತ್ತರಲ್ಲಿ ಎಂಟು ಜನ ಹುಡುಕುವಂತೆ ಆಗದಿದ್ದರೆ ಮೆನು ಬೇರೆಯವರ ಕೈಗೆ ಹೋಗುತ್ತದೆ, ನಾನು ಸಾಮಾನುಗಳ ಫೋಟೋ ಕತ್ತರಿಸುವ ಮೇಜಿಗೆ ಹೋಗುತ್ತೇನೆ. ಹಾಗೆ ಆಗಲು ನಾನು ಬಿಡುವುದಿಲ್ಲ. ಆದರೆ ಎಲ್ಲಿ ತಪ್ಪುತ್ತಿದ್ದೇನೆಂದು ನನಗೆ ಕಾಣುತ್ತಿಲ್ಲ.

ನಿಮ್ಮ ಹತ್ತಿರ ಬಂದ ಯಾರೂ ಬರಿಗೈಯಲ್ಲಿ ಹೋದದ್ದನ್ನು ನಾನು ನೋಡಿಲ್ಲ. ಅದು ಹೇಗೆ ಎಂದು ಹೇಳುತ್ತೀರಾ?

ಆ ವಾರದ ಬಗ್ಗೆ ಈ ಕಾಗದದಲ್ಲಿ ಬರೆಯುವುದಿಲ್ಲ.

ಇತಿ,
ನಿಮ್ಮ ಚಿಲಕ

*

ಜನವರಿ 21

ಚಿಲಕ,

ಯಾವತ್ತಿನಿಂದ ನಾನು ನಿನಗೆ "ನೀವು" ಆದೆ? ನಿನ್ನ ಅಮ್ಮ ಕೆಲಸಕ್ಕೆ ಹೋಗುವಾಗ ನಿನ್ನನ್ನು ತಂದು ನನ್ನ ಕೌಂಟರಿನ ಮೇಲೆ ಕೂರಿಸಿ ಹೋಗುತ್ತಿದ್ದಳು, ನೀನು ದಿನವಿಡೀ ಅಂಗಡಿ ಬಾಗಿಲಿನ ಚಿಲಕ ಹಾಕಿ ತೆಗೆದು ಹಾಕಿ ತೆಗೆದು ನನ್ನ ತಲೆ ತಿನ್ನುತ್ತಿದ್ದೆ. ಆಗ "ನೀವು" ಅನ್ನುತ್ತಿದ್ದೆಯಾ? ಇನ್ನೊಂದು ಸಲ ಹಾಗೆ ಬರೆದರೆ ಕಾಗದ ಒಡೆಯದೆ ವಾಪಸ್ಸು ಕಳಿಸುತ್ತೇನೆ.

ಆ ವಾರದ ಬಗ್ಗೆ ನೀನು ಬರೆಯದಿದ್ದರೆ ನಾನು ಬರೆಯುತ್ತೇನೆ. ನಾನು ಕಣ್ಣಿನ ಪೊರೆ ತೆಗೆಸಿಕೊಂಡು ಒಂದು ವಾರ ಮನೆಯಲ್ಲಿ ಕೂತಿದ್ದೆ. ಅಂಗಡಿಯ ಬೀಗದಕೈ ನಿನ್ನ ಹತ್ತಿರ ಇತ್ತು. ದೂಳು ಹೊಡೆದಿರು ಅಂದಿದ್ದೆ. ನೀನು ಮುನ್ನೂರ ಹದಿನಾರು ಡ್ರಾಯರುಗಳನ್ನೂ ಖಾಲಿ ಮಾಡಿ, ಎಲ್ಲವನ್ನೂ ಸಾಮಾನು ತಯಾರಿಸುವ ಕಂಪನಿಯ ಪುಸ್ತಕದಲ್ಲಿದ್ದ ಹೆಸರಿನ ಪ್ರಕಾರ ಅಕ್ಷರಮಾಲೆಯ ಸಾಲಿನಲ್ಲಿ ಜೋಡಿಸಿ, ಒಂದೊಂದರ ಮೇಲೂ ಮುತ್ತಿನಂಥ ಅಕ್ಷರದಲ್ಲಿ ಚೀಟಿ ಅಂಟಿಸಿದೆ. ನನ್ನನ್ನು ಆಶ್ಚರ್ಯಪಡಿಸಬೇಕೆಂದು. ಆಶ್ಚರ್ಯವಾಯಿತು. ಮೂವತ್ತೊಂದು ವರ್ಷ ನೋಡದೆಯೇ ಕೈ ಹಾಕಿ ತೆಗೆಯುತ್ತಿದ್ದವಳು, ಗಿರಾಕಿ ಎದುರಿಗೆ ನಿಂತಿರುವಾಗ ನನ್ನದೇ ಗೋಡೆಯ ಮುಂದೆ ಬೆಪ್ಪಾಗಿ ನಿಂತೆ. ನೀನು ಹಿಂದಿನಿಂದ ಬಂದು ಪಟ್ಟನೆ ಒಂದು ಡ್ರಾಯರ್ ಎಳೆದು, "ಇಲ್ಲೇ ಇದೆಯಲ್ಲಾ ದೊಡ್ಡಮ್ಮ, ಬರೆದಿದೆ ನೋಡು" ಅಂದೆ. ಗಿರಾಕಿ ನಿನ್ನನ್ನು ನೋಡಿ, "ಹುಡುಗಿ ಚುರುಕಾಗಿದ್ದಾಳೆ" ಅಂದು ಹೋದ. ಆಮೇಲೆ ನಾನು ಏನಂದೆ ಎಂದು ನಿನಗೂ ನೆನಪಿದೆ, ನನಗೂ ನೆನಪಿದೆ, ಪಕ್ಕದಲ್ಲಿ ಬೀಗ ರಿಪೇರಿ ಮಾಡುವ ಬೀಗದಣ್ಣನಿಗೂ ನೆನಪಿದೆ. ಅಷ್ಟು ಜೋರಾಗಿ ಅಂದಿದ್ದೆ.

ಅದು ಅಲ್ಲಿಗಾಯಿತು. ಈಗ ನಿನ್ನ ಕೆಲಸ.

ನಾನು ಹೇಗೆ ಹುಡುಕಿ ಕೊಡುತ್ತೇನೆ ಎಂದು ಕೇಳಿದ್ದೀಯ. ನಾನು ಹುಡುಕುವುದೇ ಇಲ್ಲ ಮಾರಾಯ್ತಿ, ಕೇಳುತ್ತೇನೆ. ಬಂದವರಿಗೆ ಮೊದಲು, "ಏನು ಕೈಕೊಟ್ಟಿದೆ?" ಅನ್ನುತ್ತೇನೆ. ಅವರು ನಲ್ಲಿ ಅಂತಲೋ ಫ್ಯಾನ್ ಅಂತಲೋ ಹೇಳುತ್ತಾರೆ. ಆಮೇಲೆ, "ಏನು ಮಾಡ್ತಾ ಇದೆ, ಏನು ಮಾಡ್ತಾ ಇಲ್ಲ?" ಅನ್ನುತ್ತೇನೆ. ಅಷ್ಟರಲ್ಲಿ ನನ್ನ ಕೈ ಡ್ರಾಯರಿನ ಮೇಲೆ ಇರುತ್ತದೆ. ಎರಡು ಪ್ರಶ್ನೆ, ಮುಗಿಯಿತು. ಮೂರನೆಯದನ್ನು ಕೇಳಿದೆಯೋ, ಗಿರಾಕಿಯ ಮುಖ ಗಂಟಾಗುತ್ತದೆ. ನಾಲ್ಕನೆಯದಕ್ಕೆ ಅವನ ಕಾಲು ಬಾಗಿಲ ಕಡೆ ತಿರುಗುತ್ತದೆ.

ನಿನ್ನ ಮೆನುವಿನಲ್ಲಿ ಏನು ಬರೆದಿದ್ದೀಯ, ಇದ್ದದ್ದು ಇದ್ದ ಹಾಗೆ ಬರೆದು ಕಳಿಸು. ಚೆನ್ನಾಗಿ ಕಾಣಿಸಲೆಂದು ತಿದ್ದಬೇಡ.

ಊಟ ಹೊತ್ತಿಗೆ ಸರಿಯಾಗಿ ಮಾಡು. ಕಂಪ್ಯೂಟರಿನ ಮುಂದೆ ಕೂತು ತಿನ್ನುವುದನ್ನು ಊಟ ಅನ್ನುವುದಿಲ್ಲ.

ನಿನ್ನ ದೊಡ್ಡಮ್ಮ

*

ಫೆಬ್ರವರಿ 2

ದೊಡ್ಡಮ್ಮ,

ಸರಿ, ನೀನು. ನೀನು, ನೀನು, ನೀನು. ಸಮಾಧಾನವಾಯಿತೇ?

ಮೆನುವಿನಲ್ಲಿ ಬರೆದದ್ದನ್ನು ಇದ್ದ ಹಾಗೇ ಕಳಿಸುತ್ತಿದ್ದೇನೆ. ಮೊದಲ ಸಾಲಿನಲ್ಲಿ ಆರು: ಸೀಲಿಂಗ್ ಸಾಮಗ್ರಿ, ವಾಲ್ವ್‌ಗಳು, ಕಪ್ಲಿಂಗ್‌ಗಳು, ಫಾಸ್ಟನರ್‌ಗಳು, ನಿಯಂತ್ರಣ ಭಾಗಗಳು, ಇತರೆ. "ಸೀಲಿಂಗ್ ಸಾಮಗ್ರಿ" ಒತ್ತಿದರೆ ಓ-ರಿಂಗ್, ಗ್ಯಾಸ್ಕೆಟ್, ಡಯಾಫ್ರಾಮ್, ಗ್ರಾಮೆಟ್. ಅದರೊಳಗೆ ರಬ್ಬರಿನ ಜಾತಿ, ಆಮೇಲೆ ಅಳತೆ, ಆಮೇಲೆ ಸಾಮಾನು. ಎಲ್ಲವೂ ಕಂಪನಿಯ ಪುಸ್ತಕದಲ್ಲಿ ಇರುವ ಹೆಸರುಗಳೇ, ಒಂದಕ್ಷರವೂ ತಪ್ಪಿಲ್ಲ. ಬರೆಯುತ್ತಾ ಹೋದಂತೆ ನನಗೇ ನಗು ಬರುತ್ತಿದೆ. ನೀನು ಹೇಳದೆಯೇ ಅರ್ಥವಾಯಿತು: ಎರಡು ವರ್ಷದ ಹಿಂದೆ ನಿನ್ನ ಗೋಡೆಗೆ ಅಂಟಿಸಿದ್ದನ್ನೇ ಇಲ್ಲಿ ಪರದೆಗೆ ಅಂಟಿಸಿದ್ದೇನೆ.

ಇನ್ನೊಂದು ತೊಂದರೆ ಹೇಳಬೇಕು. ಮೌಸಿನ ಬಾಣವನ್ನು ಒಂದು ಹೆಸರಿನ ಮೇಲೆ ಇಟ್ಟರೆ ಸಾಕು, ಒತ್ತಬೇಕೆಂದೇ ಇಲ್ಲ, ಮೆನು ಬಿಚ್ಚಿಕೊಳ್ಳುವ ಹಾಗೆ ಮಾಡಿದ್ದೆ. ನೋಡಲು ಬಲು ಚೆಂದ. ಆದರೆ ಜನ ಬೇಕಾದ ಹೆಸರಿನ ಕಡೆಗೆ ಬಾಣವನ್ನು ಓರೆಯಾಗಿ ಎಳೆಯುವಾಗ ಅದು ಪಕ್ಕದ ಹೆಸರಿಗೆ ತಾಗಿ, ತೆರೆದಿದ್ದದ್ದು ಮುಚ್ಚಿ ಬೇರೆ ಯಾವುದೋ ತೆರೆದುಕೊಳ್ಳುತ್ತಿತ್ತು. ಒಬ್ಬರು ಮೂರು ಸಲ ಹಾಗಾಗಿ, "ಇದು ನನ್ನ ಜೊತೆ ಆಟ ಆಡ್ತಾ ಇದೆಯಾ?" ಎಂದು ಕೇಳಿದರು.

ಅಂದು ನೀನು ಅಂದದ್ದು ನೆನಪಿದೆ. "ನನ್ನ ಅಂಗಡೀಲಿ ನನ್ನನ್ನೇ ಕುರುಡಿ ಮಾಡಿದೆ, ನಡಿ ಆಚೆ." ನಾನೂ ಸುಮ್ಮನಿರಲಿಲ್ಲ, ಚೀಟಿ ಓದಲು ಏನು ಕಷ್ಟ ಎಂದು ಕೇಳಿದೆ. ನನ್ನ ಒಂದು ವಾರದ ದುಡಿಮೆಗೆ ಒಂದು ಒಳ್ಳೆಯ ಮಾತೂ ಸಿಗಲಿಲ್ಲವೆಂದು ಅವತ್ತೇ ಬಸ್ಸು ಹತ್ತಿದೆ. ಕೇಳದೆ ಕೈ ಹಾಕಿದ್ದು ತಪ್ಪು. ಅಷ್ಟನ್ನು ಒಪ್ಪುತ್ತೇನೆ.

ಚಿಲಕ

*

ಮಾರ್ಚ್ 3

ಚಿಲಕ,

ಒಂದು ತಿಂಗಳು ಉತ್ತರ ಬರಲಿಲ್ಲವೆಂದು ಮುಖ ಊದಿಸಿಕೊಂಡು ಕೂತಿರುತ್ತೀಯ. ಕೆಲಸ ಮಾಡುತ್ತಿದ್ದೆ. ಇದರ ಜೊತೆ ಒಂದು ನೋಟ್‌ಬುಕ್ ಇಟ್ಟಿದ್ದೇನೆ, ಜೋಪಾನ. ಇಪ್ಪತ್ತು ದಿನ ಅಂಗಡಿಗೆ ಬಂದ ಪ್ರತಿಯೊಬ್ಬರೂ ಬಾಯಿಬಿಟ್ಟು ಆಡಿದ ಮೊದಲ ಮಾತನ್ನು ಅವರು ಆಡಿದ ಹಾಗೇ ಬರೆದಿದ್ದೇನೆ. ಗಿರಾಕಿ ಮಾತಾಡುತ್ತಿದ್ದಂತೆ ನಾನು ತಲೆ ಬಗ್ಗಿಸಿ ಬರೆಯುವುದನ್ನು ನೋಡಿ ಕೆಲವರು ಇದೇನು ಪೊಲೀಸ್ ಠಾಣೆಯೇ ಅಂದರು.

ನಿನಗೆ ರುಚಿ ತೋರಿಸಲು ನಾಲ್ಕು ಇಲ್ಲೇ ಬರೆಯುತ್ತೇನೆ.

"ಅಮ್ಮಾ, ನಲ್ಲಿ ರಾತ್ರಿ ಹಗಲೂ ಅಳ್ತಾ ಇದೆ."

"ಕುಕ್ಕರ್ ಸೀಟೀನೇ ಹೊಡೀತಾ ಇಲ್ಲ, ಸುತ್ತ ಎಲ್ಲಾ ಕಡೆಯಿಂದ ಬುಸ್ ಅಂತ ಬಿಡುತ್ತೆ."

"ಮಿಕ್ಸಿ ಬರೀ ಸದ್ದು ಮಾಡುತ್ತೆ, ಒಳಗೆ ಏನೂ ಅಲ್ಲಾಡಲ್ಲ. ಥೇಟ್ ನಮ್ಮನೆಯವರ ಹಾಗೆ."

"ಬಾಗಿಲು ಮುಚ್ಚಿದ್ರೆ ತಾನಾಗೇ ತೆಗೆದುಕೊಳ್ಳುತ್ತೆ. ದೆವ್ವ ಅಲ್ಲ ಅಂತ ನಮ್ಮತ್ತೆಗೆ ತೋರಿಸಬೇಕು, ಏನಾದ್ರೂ ಕೊಡಿ."

ಒಟ್ಟು ನಾನೂರ ಹನ್ನೆರಡು ಜನ. ಅವರಲ್ಲಿ ಸಾಮಾನಿನ ಹೆಸರು ಹೇಳಿ ಕೇಳಿದವರು ಒಂಬತ್ತು. ಆ ಒಂಬತ್ತರಲ್ಲಿ ಆರು ಜನ ಪ್ಲಂಬರುಗಳು, ಉಳಿದ ಮೂವರು ಹೇಳಿದ ಹೆಸರು ತಪ್ಪಾಗಿತ್ತು. ನೀನು ಮೆನು ಮಾಡಿರುವುದು ಆ ಆರು ಪ್ಲಂಬರುಗಳಿಗೆ. ಅವರಾದರೋ ನಿನ್ನ ವೆಬ್‌ಸೈಟಿಗೆ ಬರುವುದಿಲ್ಲ, ನನ್ನ ಹತ್ತಿರ ಬಂದು ಟೀ ಕುಡಿದು ಹೋಗುತ್ತಾರೆ.

ಇನ್ನು ನನ್ನ ಅಂಗಡಿಯ ಕೆಲವು ಪದ್ಧತಿ ಹೇಳುತ್ತೇನೆ. ನೀನು ಕೌಂಟರಿನ ಮೇಲೆ ಕೂತೇ ಬೆಳೆದರೂ ಇವನ್ನು ನೋಡಿಲ್ಲ, ಯಾಕೆಂದರೆ ನಿನ್ನ ಕಣ್ಣೆಲ್ಲ ಚಿಲಕದ ಮೇಲಿತ್ತು.

ಗಿರಾಕಿ ನೋಡುತ್ತಿರುವಾಗ ನಾನು ಡ್ರಾಯರ್ ಮುಚ್ಚುವುದಿಲ್ಲ. ಅವರು ಕಣ್ಣು ತೆಗೆದ ಮೇಲೆಯೇ ಮುಚ್ಚುವುದು. ನಿನ್ನ ಮೆನು ತಾನಾಗಿ ಮುಚ್ಚಿಕೊಳ್ಳುತ್ತದೆ ಅಂದೆಯಲ್ಲ, ಅದು ಮರ್ಯಾದೆಗೆಟ್ಟ ಕೆಲಸ. ಒತ್ತಿದರೆ ತೆರೆಯಲಿ, ಮತ್ತೆ ಒತ್ತಿದರೆ ಮುಚ್ಚಲಿ.

ಒಂದು ಡ್ರಾಯರಿನಲ್ಲಿ ನೋಡಿ, ಇದಲ್ಲವೇನೋ ಅನ್ನಿಸಿ ಇನ್ನೊಂದಕ್ಕೆ ಹೋಗುವಾಗ, ಮೊದಲನೆಯದನ್ನು ಪೂರ್ತಿ ಮುಚ್ಚದೆ ಒಂದು ಬೆರಳಿನಷ್ಟು ಹೊರಗೆ ಬಿಟ್ಟಿರುತ್ತೇನೆ. ಎಲ್ಲಿಂದ ಬಂದೆ ಎಂದು ಗೊತ್ತಿರಬೇಕು, ವಾಪಸ್ಸು ಹೋಗಬೇಕಾದರೆ ಕಣ್ಣಿಗೆ ಬೀಳಬೇಕು. ಕೆಲಸ ಮುಗಿದ ಮೇಲೆಯೇ ಪೂರ್ತಿ ಮುಚ್ಚುವುದು. ನಿನ್ನ ಪುಟದಲ್ಲೂ ಬಂದ ದಾರಿ ಮೇಲುಗಡೆ ಕಾಣುತ್ತಿರಲಿ.

ಕಪ್ಪು ಬಳೆ ಇದೆಯಲ್ಲ, ನೀನು ಓ-ರಿಂಗ್ ಅನ್ನುವುದು, ಅದನ್ನು ನಾನು ನಲ್ಲಿಯ ಸಾಲಿನಲ್ಲೂ ಇಡುತ್ತಿದ್ದೆ, ಮಿಕ್ಸಿಯ ಸಾಲಿನಲ್ಲೂ ಇಡುತ್ತಿದ್ದೆ. ನಲ್ಲಿಯವರು ಮಿಕ್ಸಿಯ ಸಾಲಿಗೆ ಯಾಕೆ ಹೋಗುತ್ತಾರೆ?

ಕೊನೆಯದು ಆ "ಇತರೆ". ಎಷ್ಟು ಸಾಮಾನು ತುಂಬಿದ್ದೀಯ ಅದರಲ್ಲಿ? ನನ್ನ ಅಂಗಡಿಯಲ್ಲಿ ಮುನ್ನೂರ ಹದಿನಾರು ಡ್ರಾಯರ್ ಇವೆ, ಇತರೆ ಅನ್ನುವ ಡ್ರಾಯರ್ ಇಲ್ಲ. ಇತರೆ ಅಂದರೆ ಅಂಗಡಿಯವಳಿಗೆ ಯೋಚಿಸಲು ಸೋಮಾರಿತನ ಎಂದು ಅರ್ಥ.

ಬೀಗದಣ್ಣ ನಿನ್ನನ್ನು ಕೇಳಿದರೆಂದು ಬರೆಯಲು ಹೇಳಿದರು. ಬರೆದಿದ್ದೇನೆ.

ನಿನ್ನ ದೊಡ್ಡಮ್ಮ

*

ಮಾರ್ಚ್ 26

ದೊಡ್ಡಮ್ಮ,

ನೋಟ್‌ಬುಕ್ಕನ್ನು ಒಂದೇ ಉಸಿರಿಗೆ ಓದಿದೆ. ಆಫೀಸಿನಲ್ಲಿ ಕೈಯಿಂದ ಕೈಗೆ ಹೋಗಿ ಈಗ ಅದಕ್ಕೆ ರಟ್ಟು ಹಾಕಿದ್ದಾರೆ. ದೆವ್ವದ ಬಾಗಿಲಿನವರು ಎಲ್ಲರಿಗೂ ಪರಿಚಯ.

"ಇತರೆ"ಯಲ್ಲಿ ಸಾವಿರದ ಇನ್ನೂರು ಸಾಮಾನು ಇದ್ದವು. ಮೂರು ದಿನ ಕೂತು ಒಂದೊಂದನ್ನೂ ಎತ್ತಿ ಅದರ ಮನೆಗೆ ಸೇರಿಸಿದೆ. ಕಡೆಗೆ ಹದಿನೇಳು ಉಳಿದವು. ಅವನ್ನು ನಾವು ಯಾಕೆ ಮಾರುತ್ತಿದ್ದೇವೆ ಎಂದು ಯಾರಿಗೂ ಗೊತ್ತಿರಲಿಲ್ಲ, ತೆಗೆಸಿಬಿಟ್ಟೆ. ಮೆನುವನ್ನು ಪೂರ್ತಿ ಕೆಡವಿ ಹೊಸದಾಗಿ ಕಟ್ಟಿದ್ದೇನೆ. ಮೇಲೆ ಯಂತ್ರಗಳ ಹೆಸರು, ಒತ್ತಿದರೆ ಅದರ ರೋಗಗಳು. ನಲ್ಲಿ ಒತ್ತಿದರೆ ತೊಟ್ಟಿಕ್ಕುತ್ತಿದೆ, ತಿರುಗುತ್ತಿಲ್ಲ, ಬುಡದಲ್ಲಿ ಸೋರುತ್ತಿದೆ. ನಿನ್ನ ಎರಡು ಪ್ರಶ್ನೆ, ಆಮೇಲೆ ಸಾಮಾನು.

ಕಪ್ಪು ಬಳೆಯ ವಿಷಯಕ್ಕೆ ಮುಖ್ಯಸ್ಥೆಯ ಜೊತೆ ದೊಡ್ಡ ವಾದವೇ ಆಯಿತು. "ಒಂದು ಸಾಮಾನಿಗೆ ಒಂದೇ ಜಾಗ. ಎರಡು ಕಡೆ ಇಟ್ಟರೆ ಎಲ್ಲಾ ಕಲಸಿಹೋಗುತ್ತೆ" ಅಂದರು. ನಾನು, "ಸಾಮಾನು ಗೋದಾಮಿನಲ್ಲಿ ಒಂದೇ ಕಡೆ ಇರಲಿ, ಮೇಡಂ. ಅದರ ಹತ್ತಿರ ಹೋಗೋಕೆ ಬಾಗಿಲು ಎರಡಿರಲಿ. ನಿಮ್ಮ ಮನೆಗೂ ಹಿತ್ತಿಲ ಬಾಗಿಲು ಇದೆಯಲ್ಲ?" ಅಂದೆ. "ಪರೀಕ್ಷೆ ಆಗಲಿ, ನೋಡೋಣ" ಅಂದರು. ಅವರು ಕೆಟ್ಟವರಲ್ಲ. ಸೋತರೆ ಒಪ್ಪಿಕೊಳ್ಳುವವರು, ಅದಕ್ಕೆ ಮೊದಲು ಸೋಲಿಸಬೇಕು ಅಷ್ಟೆ.

ಎರಡನೇ ಪರೀಕ್ಷೆ ಮೊನ್ನೆ ಆಯಿತು. ಹತ್ತರಲ್ಲಿ ಏಳು. ಇನ್ನು ಒಬ್ಬರು ಸಾಕು! ಬಿದ್ದವರು ಮೂವರೂ ಬಿದ್ದದ್ದು ಒಂದೇ ಕಡೆ. ಕುಕ್ಕರ್ ಒತ್ತಿ, "ಸುತ್ತ ಆವಿ ಬಿಡುತ್ತದೆ" ಒತ್ತಿ, ರಬ್ಬರ್ ಬಳೆಗಳ ಪುಟದವರೆಗೂ ಸರಿಯಾಗಿ ಬಂದರು. ಅಲ್ಲಿ ಇಪ್ಪತ್ನಾಲ್ಕು ಬಳೆ, ಎಲ್ಲವೂ ಒಂದೇ ಥರ, ಕೆಳಗೆ ಮಿಲಿಮೀಟರಿನ ಅಳತೆ. ನಿನ್ನ ಹತ್ತಿರವಾದರೆ ಹಳೆಯದನ್ನು ಕೈಯಲ್ಲಿ ಹಿಡಿದುಕೊಂಡು ಬರುತ್ತಾರೆ. ಹಳೆಯದು ಕಳೆದುಹೋದವರಿಗೆ ನೀನು ಏನು ಕೇಳುತ್ತೀಯ?

ಇನ್ನೊಂದು ಹೇಳಬೇಕು. ಇದನ್ನು ಎರಡು ಸಲ ಬರೆದು ಹರಿದೆ.

ಬಿದ್ದ ಮೂವರಲ್ಲಿ ಒಬ್ಬರು ನಿವೃತ್ತ ನರ್ಸ್. ಮೂವತ್ತೈದು ವರ್ಷ ಆಸ್ಪತ್ರೆಯಲ್ಲಿ ದೊಡ್ಡ ದೊಡ್ಡ ಡಾಕ್ಟರುಗಳನ್ನು ಗದರಿದವರು. ಬರುವಾಗಲೇ ನನ್ನ ಕುರ್ಚಿ ಸರಿಯಿಲ್ಲ, ಬೆನ್ನು ಹೀಗೆ ಬಗ್ಗಿಸಬಾರದು ಎಂದು ನನಗೇ ಗದರಿದರು. ಆ ಇಪ್ಪತ್ನಾಲ್ಕು ಬಳೆಗಳ ಮುಂದೆ ಅವರ ಕೈ ನಿಂತಿತು. ಆಮೇಲೆ ಎರಡೂ ಕೈಯನ್ನು ಮಡಿಲಲ್ಲಿ ಇಟ್ಟುಕೊಂಡು, "ನಂದೇ ತಪ್ಪಮ್ಮ, ನಂಗೆ ಇದೆಲ್ಲ ಬರಲ್ಲ" ಅಂದರು. ಧ್ವನಿಯೇ ಬೇರೆಯಾಗಿತ್ತು. ತಪ್ಪು ನನ್ನದು ದೊಡ್ಡಮ್ಮ, ಅವರದು ಹೇಗಾಗುತ್ತದೆ? ಆ ಪುಟ ಮಾಡಿದವಳು ನಾನು.

ಆ ಮುಖವನ್ನು ನಾನು ಮುಂಚೆ ಒಂದು ಸಲ ನೋಡಿದ್ದೆ. ನಿನ್ನ ಗೋಡೆಯ ಮುಂದೆ. ಆಗ ಅದನ್ನು ಸಿಟ್ಟು ಎಂದುಕೊಂಡಿದ್ದೆ. ನಾನು ಓಡಿಬಂದು "ಬರೆದಿದೆ ನೋಡು" ಅಂದೆನಲ್ಲ, ಗಿರಾಕಿಯ ಎದುರಿಗೆ. ನೆನೆಸಿಕೊಂಡರೆ ನಾಚಿಕೆಯಾಗುತ್ತದೆ. ಹೋದ ಸಲ ಕೇಳದೆ ಕೈ ಹಾಕಿದ್ದು ತಪ್ಪು ಎಂದು ಒಪ್ಪಿದ್ದೆ. ಅದು ಸಣ್ಣದು. ಇದಕ್ಕೆ ಕ್ಷಮೆ ಕೇಳುತ್ತಿದ್ದೇನೆ. ನನ್ನನ್ನು ಕ್ಷಮಿಸು.

ಚಿಲಕ

*

ಏಪ್ರಿಲ್ 4

ಚಿಲಕ,

ಅವಸರದಲ್ಲಿ ಬರೆಯುತ್ತಿದ್ದೇನೆ, ಅಂಚೆ ತಪ್ಪಬಾರದು. ನಿನ್ನ ಪರೀಕ್ಷೆ ಹತ್ತಿರ ಬಂತಲ್ಲ.

ಮಿಲಿಮೀಟರನ್ನು ಕುಕ್ಕರ್ ಇಟ್ಟುಕೊಂಡ ಯಾರೂ ಅಳೆದು ನೋಡಿಲ್ಲ. ಹಳೆಯ ಬಳೆ ತರದವರಿಗೆ ನಾನು, "ಎಷ್ಟು ಲೀಟರ್ ಕುಕ್ಕರು?" ಅನ್ನುತ್ತೇನೆ. ಗೊತ್ತಿಲ್ಲ ಅಂದರೆ, "ಮನೆಗೆ ಹೋಗಿ ತಳ ತಿರುಗಿಸಿ ನೋಡಿ, ಇಲ್ಲಾಂದ್ರೆ ಹಿಡಿ ಹತ್ತಿರ ನೋಡಿ, ಬರೆದಿರುತ್ತೆ" ಅನ್ನುತ್ತೇನೆ. ನಿನ್ನ ಗಿರಾಕಿ ಮನೆಯಲ್ಲೇ ಕೂತಿದ್ದಾರೆ, ಎದ್ದು ಅಡುಗೆಮನೆಗೆ ಹೋದರಾಯಿತು, ನನ್ನವರ ಹಾಗೆ ಎರಡು ಸಲ ಬಸ್ಸು ಹತ್ತಬೇಕಿಲ್ಲ. ಉಜ್ಜಿ ಉಜ್ಜಿ ಬರಹ ಅಳಿಸಿಹೋಗಿದ್ದರೆ, "ಒಂದು ಸಲಕ್ಕೆ ಎಷ್ಟು ಜನಕ್ಕೆ ಬೇಯಿಸ್ತೀರಿ?" ಅನ್ನುತ್ತೇನೆ. ಇಬ್ಬರಿಗೋ, ನಾಲ್ಕು ಜನಕ್ಕೋ, ನೆಂಟರು ಬಂದಾಗ ಮಾತ್ರ ಅಟ್ಟದಿಂದ ಇಳಿಸುವುದೋ. ಅಲ್ಲಿಗೆ ಇಪ್ಪತ್ನಾಲ್ಕು ಹೋಗಿ ಎರಡೋ ಮೂರೋ ಉಳಿಯುತ್ತವೆ. ಎರಡು ಬಳೆಯಲ್ಲಿ ಒಂದನ್ನು ಆರಿಸಲು ಯಾರಿಗೂ ಭಯವಿಲ್ಲ.

ಇದು ಮೂರನೇ ಪ್ರಶ್ನೆ ಆಯಿತಲ್ಲ ಎಂದು ತರಲೆ ತೆಗೆಯಬೇಡ. ಕುಕ್ಕರಿಗೆ ಮಾತ್ರ ರಿಯಾಯಿತಿ.

ಆ ನರ್ಸನ್ನು ಮತ್ತೆ ಕರೆಸು. ಮರೆಯಬೇಡ, ಅವರನ್ನೇ ಕರೆಸು.

ಉಳಿದದ್ದಕ್ಕೆ ಉತ್ತರ ಆಮೇಲೆ.

ದೊಡ್ಡಮ್ಮ

*

ಏಪ್ರಿಲ್ 27

ದೊಡ್ಡಮ್ಮಾ,

ಒಂಬತ್ತು! ಹತ್ತರಲ್ಲಿ ಒಂಬತ್ತು!

ಹತ್ತನೆಯವರು ಕೊಟ್ಟ ಕೆಲಸ ಮರೆತು ಟಾರ್ಚುಗಳ ಪುಟಕ್ಕೆ ಹೋಗಿ ಒಂದೊಂದೇ ಟಾರ್ಚ್ ನೋಡುತ್ತಾ ಕೂತುಬಿಟ್ಟರು. ಎಬ್ಬಿಸಲು ಮನಸ್ಸು ಬರಲಿಲ್ಲ.

ನರ್ಸ್ ಬಂದಿದ್ದರು. ಮೊದಲು ಬರುವುದಿಲ್ಲ ಅಂದರಂತೆ. ನಾನೇ ಫೋನ್ ಮಾಡಿ, "ಹೋದ ಸಲ ತಪ್ಪಾಗಿದ್ದು ನನ್ನ ಪುಟ, ಸರಿಮಾಡಿದ್ದೀನಿ, ನೀವೇ ನೋಡಿ ಹೇಳಬೇಕು" ಅಂದ ಮೇಲೆ ಬಂದರು. ಕುಕ್ಕರ್, ಸುತ್ತ ಆವಿ, ನಾಲ್ಕು ಜನಕ್ಕೆ, ಮುಗಿಯಿತು. ಪರದೆಯ ಮೇಲೆ ಎರಡು ಬಳೆ. ಅವರು ನನ್ನ ಕಡೆ ತಿರುಗಿ, "ಇಷ್ಟೇನಾ?" ಅಂದರು. ನಾನು ಈ ಕೆಲಸಕ್ಕೆ ಬಂದ ಮೇಲೆ ಕೇಳಿದ ಅತಿ ದೊಡ್ಡ ಹೊಗಳಿಕೆ ಇದು. ಆಮೇಲೆ ಅವರು ಸುಮ್ಮನೆ ತಮ್ಮ ಖುಷಿಗೆ ಫ್ಯಾನ್, ನಲ್ಲಿ, ಬಾಗಿಲು ಎಲ್ಲವನ್ನೂ ಒತ್ತಿ ನೋಡಿ, ಹೋಗುವಾಗ ಮತ್ತೆ ನನ್ನ ಕುರ್ಚಿಗೆ ಬೈದು ಹೋದರು.

ಕಪ್ಪು ಬಳೆ ಎರಡು ಕಡೆಯೂ ಇದೆ. ನಲ್ಲಿಯ ಕಡೆಯಿಂದ ಬಂದು ಅದನ್ನು ಹುಡುಕಿದವರನ್ನೂ ಮಿಕ್ಸಿಯ ಕಡೆಯಿಂದ ಬಂದವರನ್ನೂ ಮುಖ್ಯಸ್ಥೆ ತಾವೇ ಕೂತು ನೋಡಿದರು. "ಹಿತ್ತಿಲ ಬಾಗಿಲು ಇರಲಿ" ಎಂದು ಒಂದೇ ಮಾತಿನಲ್ಲಿ ಒಪ್ಪಿಕೊಂಡರು. ಮೆನು ನನ್ನ ಕೈಯಲ್ಲೇ ಉಳಿಯಿತು. ಫೋಟೋ ಕತ್ತರಿಸುವ ಮೇಜಿಗೆ ಬೇರೆ ಯಾರಾದರೂ ಹೋಗಲಿ.

ಒಂದನ್ನು ಮಾತ್ರ ನಿನ್ನನ್ನು ಕೇಳದೆ ಮಾಡಿದ್ದೇನೆ. ಕೇಳದೆ ಮಾಡುವುದು ನನ್ನ ಹುಟ್ಟುಗುಣ, ಏನು ಮಾಡಲಿ? ಅದೇನೆಂದು ಬರೆಯುವುದಿಲ್ಲ. ಸೋಮವಾರದಿಂದ ಎಲ್ಲರಿಗೂ ಕಾಣಿಸುತ್ತದೆ. ಬೀಗದಣ್ಣನ ಫೋನಿನಲ್ಲಿ ತೆಗೆಸಿ ನೋಡು. ಅವರಿಗೆ ಬಿಡಬೇಡ, ನೀನೇ ಒತ್ತಬೇಕು.

ಉಳಿದದ್ದಕ್ಕೆ ಉತ್ತರ ಆಮೇಲೆ ಎಂದು ನೀನು ಅಂದಿದ್ದೆ. ನಾನು ಕಾಯುತ್ತೇನೆ, ಅವಸರವೇನೂ ಇಲ್ಲ. ಇದು ಸುಳ್ಳು, ಅವಸರವಿದೆ.

ಚಿಲಕ

*

ಮೇ 8

ಚಿಲಕ,

ನೋಡಿದೆ.

ಬೀಗದಣ್ಣ ಫೋನನ್ನು ನನ್ನ ಕೈಗೆ ಕೊಟ್ಟು, ಕೊಟ್ಟ ಕೈಯನ್ನು ವಾಪಸ್ಸು ತೆಗೆದುಕೊಳ್ಳದೆ ಅಲ್ಲೇ ಚಾಚಿಕೊಂಡು ನಿಂತಿದ್ದರು, ನಾನು ಬೀಳಿಸುತ್ತೇನೆಂದು. ಪುಟ ತೆರೆದರೆ ಮೇಲುಗಡೆ ದೊಡ್ಡದಾಗಿ "ಏನು ಕೈಕೊಟ್ಟಿದೆ?" ಎಂದು ಬರೆದಿದೆ. ನನ್ನ ಮಾತು. ಮೂವತ್ತೊಂದು ವರ್ಷ ಪ್ಲಸ್ ಎರಡು, ದಿನಕ್ಕೆ ಇಪ್ಪತ್ತು ಸಲವಾದರೂ ಕೇಳಿರುವ ಮಾತು. ನಾನು ಗಿರಾಕಿಯ ಹಾಗೆ ಕೌಂಟರಿನ ಆಚೆ ನಿಂತು ಅದನ್ನು ಯಾರ ಬಾಯಿಂದಲೂ ಕೇಳಿಸಿಕೊಂಡಿರಲಿಲ್ಲ. ಬೀಗದಣ್ಣ, "ಯಾಕೆ, ಕಣ್ಣಿಗೆ ಏನಾದ್ರೂ ಬಿತ್ತಾ?" ಅಂದರು. ಹೌದು ಅಂದೆ.

ಮಿಕ್ಸಿ ಒತ್ತಿದೆ. "ಬರೀ ಸದ್ದು ಮಾಡುತ್ತದೆ, ಒಳಗೆ ತಿರುಗುವುದಿಲ್ಲ" ಒತ್ತಿದೆ. ನಾನು ಮಿಕ್ಸಿ ಹೂವು ಅನ್ನುತ್ತೇನಲ್ಲ, ಆ ಹಲ್ಲಿನ ಚಕ್ರ ಎದುರಿಗೆ ಬಂತು. ಕೆಳಗೆ ಸಣ್ಣ ಅಕ್ಷರದಲ್ಲಿ ಅದರ ಕಂಪನಿಯ ಹೆಸರೂ ಇದೆ. ಕಪ್ಲರ್ ಅಂತೆ. ಇರಲಿ, ಹೆಸರು ಆಮೇಲೆ ಗೊತ್ತಾದರೆ ಬೇಜಾರಿಲ್ಲ. ಮೇಲೆ ನೋಡಿದರೆ ನಾನು ಬಂದ ದಾರಿಯೂ ಒಂದು ಸಾಲಿನಲ್ಲಿ ಇತ್ತು. ಚೆನ್ನಾಗಿ ಮಾಡಿದ್ದೀಯ. ಇದನ್ನು ಮತ್ತೆ ಮತ್ತೆ ಬರೆಯುವವಳಲ್ಲ ನಾನು, ಆದ್ದರಿಂದ ಈ ಸಾಲನ್ನು ಕತ್ತರಿಸಿ ಇಟ್ಟುಕೋ.

ಈಗ ಆ ಉತ್ತರ.

ನೀನು ಸರಿಯಾಗಿಯೇ ನೋಡಿದ್ದೀಯ, ಅವತ್ತು ನನಗೆ ಸಿಟ್ಟು ಬಂದಿರಲಿಲ್ಲ. ಸಿಟ್ಟು ಬಂದದ್ದು ಆಮೇಲೆ. ಆ ಗಿರಾಕಿ ಮಿಕ್ಸಿ ಜಾರಿನ ಬುಡಕ್ಕೆ ಕಪ್ಪು ಬಳೆ ಕೇಳಿದ. ನಿನ್ನ ಚೀಟಿಗಳು ಸ್ಪಷ್ಟವಾಗಿ ಕಾಣುತ್ತಿದ್ದವು. ಪೊರೆ ತೆಗೆಸಿಕೊಂಡು ಬಂದ ಹೊಸ ಕಣ್ಣು, ಒಂದೊಂದಕ್ಷರವೂ ಪಳಪಳ ಹೊಳೆಯುತ್ತಿತ್ತು. ಓದಿದೆ. ಓ-ರಿಂಗ್, ಗ್ರಾಮೆಟ್, ಡಯಾಫ್ರಾಮ್. ಯಾವುದು ಯಾವುದೆಂದು ನನಗೆ ಗೊತ್ತಿರಲಿಲ್ಲ ಮಗಾ. ಇಷ್ಟು ವರ್ಷ ಮಾರಿದ ಸಾಮಾನಿನ ಹೆಸರೇ ನನಗೆ ಗೊತ್ತಿಲ್ಲ ಎಂದು ಅವತ್ತು ಗೊತ್ತಾಯಿತು. ಅದನ್ನು ನಿನ್ನ ಎದುರಿಗೆ ಒಪ್ಪಿಕೊಳ್ಳುವುದಕ್ಕಿಂತ ನಿನ್ನನ್ನು ಆಚೆ ನಡಿ ಅನ್ನುವುದು ಸುಲಭವಾಗಿತ್ತು. ಅಂದೆ. ಅಂದ ಮರುಗಳಿಗೆಯೇ ನಾಲಿಗೆ ಕಚ್ಚಿಕೊಂಡೆ, ಆದರೆ ನೀನೂ ನನ್ನ ತಂಗಿಯ ಮಗಳೇ, ತಿರುಗಿ ನೋಡದೆ ಹೋದೆ.

ಕ್ಷಮಿಸಲು ನಿನ್ನ ಪಾಲಿನದು ಏನೂ ಉಳಿದಿಲ್ಲ. ನನ್ನ ಪಾಲಿನದನ್ನು ನೀನು ಕ್ಷಮಿಸಬೇಕು.

ಇನ್ನೊಂದು ವಿಷಯ ಬೀಗದಣ್ಣನಿಗೂ ಗೊತ್ತಿಲ್ಲ. ನೀನು ಹೋದ ಮೇಲೆ ಹನ್ನೊಂದು ದಿನ ಕೂತು ಎಲ್ಲವನ್ನೂ ಮೊದಲಿನ ಹಾಗೆ ಜೋಡಿಸಿದೆ ಎಂದು ಊರಿಗೆಲ್ಲ ಹೇಳಿದ್ದೇನೆ. ಎಲ್ಲವನ್ನೂ ಜೋಡಿಸಿಲ್ಲ. ಕೆಳಗಿನ ಎರಡು ಸಾಲು, ನಲವತ್ತು ಡ್ರಾಯರ್, ಈಗಲೂ ನಿನ್ನ ಚೀಟಿಯ ಪ್ರಕಾರವೇ ಇವೆ. ಎಲ್ಲಿ ಏನಿತ್ತೆಂದು ನನ್ನ ಕೈಗೆ ಮರೆತುಹೋಗಿತ್ತು, ಚೀಟಿ ಅರ್ಥವಾಗುತ್ತಿರಲಿಲ್ಲ. ಆ ನಲವತ್ತರಲ್ಲಿ ಇರುವುದನ್ನು ಯಾರಾದರೂ ಕೇಳಿದರೆ, "ಸ್ಟಾಕ್ ಇಲ್ಲ, ಮುಂದಿನ ವಾರ ಬನ್ನಿ" ಅನ್ನುತ್ತೇನೆ. ಎರಡು ವರ್ಷದಿಂದ ಮುಂದಿನ ವಾರ ಬರುತ್ತಲೇ ಇದ್ದಾರೆ. ನನ್ನ ಹತ್ತಿರ ಬಂದ ಯಾರೂ ಬರಿಗೈಯಲ್ಲಿ ಹೋಗುವುದಿಲ್ಲ ಎಂದು ನೀನು ಬರೆದದ್ದನ್ನು ಓದಿ ನನಗೆ ಮುಖ ಮುಚ್ಚಿಕೊಳ್ಳುವ ಹಾಗಾಯಿತು.

ಮುಂದಿನ ಭಾನುವಾರ ಬಾ. ಅಂಗಡಿಗೆ ರಜೆ, ಆದರೆ ಈ ಸಲ ನಾನೂ ಒಳಗಿರುತ್ತೇನೆ. ನೀನು ಒಂದೊಂದೇ ಸಾಮಾನು ಎತ್ತಿ ತೋರಿಸು, ಅದು ಏನು ಕೈಕೊಟ್ಟಾಗ ಬೇಕಾಗುತ್ತದೆಂದು ನಾನು ಹೇಳುತ್ತೇನೆ, ನಿನ್ನ ಮುತ್ತಿನಂಥ ಅಕ್ಷರದಲ್ಲಿ ಅದನ್ನೇ ಬರೆದು ಅಂಟಿಸು. ನಲವತ್ತು ಮುಗಿದ ಮೇಲೆ ಉಳಿದ ಇನ್ನೂರ ಎಪ್ಪತ್ತಾರಕ್ಕೂ ಅಂಟಿಸು. ಈ ಕೈಗಳೂ ಸದಾ ಇರುವುದಿಲ್ಲ, ಗೋಡೆಗೂ ಮಾತು ಬರಲಿ.

ಬಂದಾಗ ನೀನೇ ನೋಡುತ್ತೀಯ, ಆದರೂ ಹೇಳಿಬಿಡುತ್ತೇನೆ. ಅವತ್ತು ನೀನು ಓಡಿಬಂದು ಎಳೆದ ಡ್ರಾಯರ್, ಕಪ್ಪು ಬಳೆಯದು, ಕೆಳಗಿನಿಂದ ಎರಡನೇ ಸಾಲು. ದಿನಾ ಅಂಗಡಿ ಗುಡಿಸುವಾಗ ಮಂಡಿಗೆ ತಾಗುತ್ತದೆ, ದಿನಾ ಬೈದುಕೊಳ್ಳುತ್ತೇನೆ. ಎರಡು ವರ್ಷದಿಂದ ಒಂದು ಬೆರಳು ಹೊರಗೇ ಇದೆ. ಮುಚ್ಚಿಲ್ಲ.

ನಿನ್ನ ದೊಡ್ಡಮ್ಮ